ಮನೆಯಲ್ಲಿ ಆಗುವ ಸಣ್ಣ ತಪ್ಪುಗಳಲ್ಲಿ ದೇವರು ನಿಮಗೆ ಏನು ತೋರಿಸಿದ್ದಾನೆ?

ಮನೆದೀಪ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಿನ್ನೆ ಬೆಳಿಗ್ಗೆ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ನಿಮ್ಮದನ್ನೂ ಕೇಳಬೇಕು ಅಂತ ಆಸೆ.

ಒಲೆಯ ಮೇಲೆ ಹಾಲಿಟ್ಟಿದ್ದೆ. ಕಾಯೋಕೆ ಇನ್ನೂ ಹೊತ್ತಿದೆ ಅಂದುಕೊಂಡು ಅಲ್ಲೇ ನಿಂತು ಪ್ರಾರ್ಥನಾ ಕೂಟದ ಮೆಸೇಜಿಗೆ ಉತ್ತರ ಬರೆಯುತ್ತಿದ್ದೆ. ಅಲ್ಲೇ ಅಂದರೆ ಎರಡು ಹೆಜ್ಜೆ ದೂರ, ಅಷ್ಟೇ. ತಲೆ ಎತ್ತುವಷ್ಟರಲ್ಲಿ ಹಾಲು ಉಕ್ಕಿ, ಒಲೆಯೆಲ್ಲಾ ಹರಿದು, ಬರ್ನರಿನ ತೂತುಗಳು ಮುಚ್ಚಿಕೊಂಡು, ಮನೆ ತುಂಬಾ ಸುಟ್ಟ ವಾಸನೆ. ಪಾತ್ರೆಯ ತಳವೂ ಹಿಡಿದಿತ್ತು. ಹೊತ್ತು ಬೇರೆ ಆಗಿತ್ತು. ಮಗಳು ಅಲ್ಲೇ ಕಾಲಿಗೆ ಅಡ್ಡ ಓಡಾಡುತ್ತಿದ್ದಳು, ಅವಳ ಮೇಲೂ ಸ್ವಲ್ಪ ಕೂಗಾಡಿದೆ.

ಆಮೇಲೆ ಒಲೆ ಒರೆಸುವಾಗ ಒಂದು ವಿಷಯ ಹೊಳೆಯಿತು. ನೀರು ಕುದಿದರೆ ಗುಳ್ಳೆ ಬರುತ್ತದೆ, ಒಡೆಯುತ್ತದೆ, ಹಬೆ ಹೊರಗೆ ಹೋಗುತ್ತದೆ. ಹಾಲು ಹಾಗಲ್ಲ. ಬಿಸಿಯಾದಂತೆ ಅದರ ಪ್ರೋಟೀನು, ಕೊಬ್ಬು ಎಲ್ಲಾ ಸೇರಿ ಮೇಲೆ ಪದರ ಕಟ್ಟುತ್ತದೆ, ಕೆಳಗಿನ ಹಬೆಗೆ ಹೊರಗೆ ಬರೋಕೆ ದಾರಿ ಸಿಗದೆ ಆ ಪದರವನ್ನೇ ಎತ್ತಿಕೊಂಡು ಬರುತ್ತದೆ. ಅಷ್ಟು ಹೊತ್ತು ಸುಮ್ನೆ ಇದ್ದದ್ದು ಒಂದೇ ಸಲ ಏಳುವುದು ಅದಕ್ಕೇ. ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿ ಶಿಷ್ಯರಿಗೆ ಎಚ್ಚರವಾಗಿದ್ದು ಪ್ರಾರ್ಥಿಸಿ ಅಂದರಲ್ವಾ (ಮತ್ತಾಯ 26:41). ಅವರೂ ದೂರ ಇರಲಿಲ್ಲ. ಹತ್ತಿರವೇ ಇದ್ದು ನಿದ್ದೆ ಹೋದರು. ಹತ್ತಿರ ಇರುವುದು ಬೇರೆ, ಎಚ್ಚರವಾಗಿರುವುದು ಬೇರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈ ವಾರ ಸ್ತ್ರೀಯರ ಕೂಟದಲ್ಲಿ ಹಂಚಿಕೊಳ್ಳೋಣ ಅಂತಿದ್ದೇನೆ.

ನಿಮಗೂ ಹೀಗೆ ಮನೆಯ ಯಾವುದಾದರೂ ಎಡವಟ್ಟಿನಲ್ಲಿ ವಾಕ್ಯ ನೆನಪಾಗಿದೆಯಾ? ದೊಡ್ಡ ಸಾಕ್ಷಿಯೇ ಆಗಬೇಕಿಲ್ಲ. ಬರೆಯಿರಿ.

ಸಾಸಿವೆಕಾಳು

ವಂದನೆ ಅಕ್ಕ. ನನ್ನದು ಬಟ್ಟೆಯ ಕಥೆ.

ಒಬ್ಬನೇ ಇರಲು ಶುರು ಮಾಡಿದ ಹೊಸತು. ಮೂರು ಬಿಳಿ ಅಂಗಿಗಳ ಜೊತೆ ಒಂದು ಹೊಸ ಕೆಂಪು ಟವೆಲ್ಲನ್ನೂ ಮೆಷಿನ್ನಿಗೆ ಹಾಕಿ, ಚೆನ್ನಾಗಿ ತೊಳೆಯಲಿ ಅಂತ ಬಿಸಿನೀರು ಬಿಟ್ಟೆ. ಬಿಸಿನೀರಿಗೆ ಹೊಸ ಬಟ್ಟೆಯ ಬಣ್ಣ ಜಾಸ್ತಿ ಬಿಡುತ್ತದೆ ಅಂತ ಆಗ ಗೊತ್ತಿರಲಿಲ್ಲ. ಮೂರೂ ಅಂಗಿ ಗುಲಾಬಿ. ಇನ್ನೂ ದೊಡ್ಡ ತಪ್ಪು ಆಮೇಲೆ ಮಾಡಿದೆ. ಒದ್ದೆ ಇರುವಾಗಲೇ ಮತ್ತೆ ತೊಳೆದಿದ್ದರೆ ಸ್ವಲ್ಪವಾದರೂ ಹೋಗುತ್ತಿತ್ತೋ ಏನೋ, ನಾನು ಗಾಬರಿಯಲ್ಲಿ ಬಿಸಿ ಗಾಳಿಗೆ ಹಾಕಿ ಒಣಗಿಸಿದೆ. ಶಾಖಕ್ಕೆ ಬಣ್ಣ ಗಟ್ಟಿಯಾಗಿ ಹಿಡಿದುಕೊಂಡಿತು. ಆಮೇಲೆ ಉಜ್ಜಿದ್ದೇ ಉಜ್ಜಿದ್ದು. ಒಂದು ಅಂಗಿಯ ಕಾಲರೇ ಹರಿಯಿತು, ಬಣ್ಣ ಹೋಗಲಿಲ್ಲ.

ಪಾಪ ಕಡುಕೆಂಪಾಗಿದ್ದರೂ ಹಿಮದ ಹಾಗೆ ಬೆಳ್ಳಗಾಗುತ್ತದೆ ಅಂತ ಯೆಶಾಯ 1:18ರಲ್ಲಿ ಇದೆಯಲ್ಲ, ಚಿಕ್ಕಂದಿನಿಂದ ಬಾಯಿಪಾಠ ನನಗೆ. ಆದರೆ ಆ ಕೆಂಪು ಎಂಥದ್ದು ಅಂತ ಆಮೇಲೆ ತಿಳಿದುಕೊಂಡೆ. ಆ ಕಾಲದಲ್ಲಿ ಕಡುಕೆಂಪು ಬಣ್ಣವನ್ನು ಒಂದು ಸಣ್ಣ ಕೀಟದಿಂದ ತೆಗೆಯುತ್ತಿದ್ದರು, ಹೀಬ್ರೂ ಭಾಷೆಯಲ್ಲಿ ಆ ಬಣ್ಣಕ್ಕೂ ಹುಳಕ್ಕೂ ಒಂದೇ ಪದ. ನೂಲಿಗೆ ಹಿಡಿದರೆ ಸುಲಭಕ್ಕೆ ಬಿಡದ ಬಣ್ಣ. ಪ್ರವಾದಿಯ ಮಾತು ಕೇಳಿದ ಜನ ದಿನಾ ಕೈಯಲ್ಲೇ ಬಟ್ಟೆ ಒಗೆಯುತ್ತಿದ್ದವರು. ಇದು ಆಗದ ಕೆಲಸ ಅಂತ ಅವರಿಗೆ ಕೈಗಳಿಂದಲೇ ಗೊತ್ತಿತ್ತು. ನಾನು ಆ ವಚನವನ್ನು ಇಷ್ಟು ವರ್ಷ ಎಷ್ಟು ಹಗುರವಾಗಿ ಹೇಳುತ್ತಿದ್ದೆ ಅಂತ ಅನ್ನಿಸಿತು. ಒಂದು ಅಂಗಿ ಇನ್ನೂ ಇಟ್ಟುಕೊಂಡಿದ್ದೇನೆ.

ಬೆಳಗಿನಜಾವ

ಬೀಗದ ಕೈ ಕಳೆದುಕೊಂಡು ಇಡೀ ಮನೆ ತಲೆಕೆಳಗು ಮಾಡಿದೆ. ಲೂಕ 15ರ ಹೆಂಗಸು ನೆನಪಾದಳು, ಹತ್ತು ನಾಣ್ಯಗಳಲ್ಲಿ ಒಂದು ಕಳೆದು ದೀಪ ಹಚ್ಚಿ ಗುಡಿಸಿ ಹುಡುಕಿದವಳು. ಒಂದು ನಾಣ್ಯ ಅಂದರೆ ಆಗ ಹೆಚ್ಚುಕಡಿಮೆ ಒಂದು ದಿನದ ಕೂಲಿ. ಆಮೇಲೆ ಯೋಚಿಸಿದರೆ, ಅವಳು ನಾಣ್ಯ ಸಿಕ್ಕಿದ ಕೂಡಲೇ ನೆರೆಹೊರೆಯವರನ್ನೆಲ್ಲಾ ಕರೆದು ಹೇಳಿದಳು. ಅದರಲ್ಲಿ "ನಾನು ಕಳೆದಿದ್ದೆ" ಅನ್ನುವ ಮಾತೂ ಸೇರಿದೆ. ಬೀಗದ ಕೈ ನನ್ನ ಹಳೆಯ ಪ್ಯಾಂಟಿನ ಜೇಬಿನಲ್ಲೇ ಸಿಕ್ಕಿತು. ನಾನು ಯಾರಿಗೂ ಹೇಳಲಿಲ್ಲ. ಯಾಕೆಂದರೆ ಅದಕ್ಕೆ ಮೊದಲು ಹೆಂಡತಿಗೆ ಎರಡು ಸಲ "ನೀನೇ ಎಲ್ಲೋ ಇಟ್ಟಿದ್ದೀಯ" ಅಂದಿದ್ದೆ. ಸುಮ್ನೆ ಮೊಳೆಗೆ ನೇತುಹಾಕಿ ಬಂದೆ.

ನೇರಮಾತು

ಯಾರ ಮನಸ್ಸನ್ನೂ ನೋಯಿಸಬೇಕು ಅಂತ ಇದನ್ನು ಬರೆಯುತ್ತಿಲ್ಲ. ಆದರೆ ನನಗೆ ಈ ರೀತಿ ಪಾಠ ಹುಡುಕುವುದರಲ್ಲಿ ಒಂದು ಕಷ್ಟ ಇದೆ. ನಾನೂ ವಿಶ್ವಾಸಿಯೇ, ಪ್ರತಿ ಭಾನುವಾರ ಆರಾಧನೆಗೆ ಹೋಗುವವನೇ.

ಕೆಲವು ವರ್ಷಗಳ ಹಿಂದೆ ಇಸ್ತ್ರಿ ಪೆಟ್ಟಿಗೆಯನ್ನು ಆಫ್ ಮಾಡದೆ, ಬಟ್ಟೆಯ ಮೇಲೇ ಇಟ್ಟು, ಹೊರಗೆ ಹೋದೆ. ಬಟ್ಟೆ ಹೊತ್ತಿ, ಕಿಟಕಿಯ ಪರದೆಗೆ ಹತ್ತಿ, ಆ ಕೋಣೆ ಅರ್ಧ ಸುಟ್ಟಿತು. ಅಮ್ಮ ಮನೆಯಲ್ಲಿದ್ದರು. ಪರದೆ ಎಳೆದು ಹಾಕಲು ಹೋಗಿ ಬಲಗೈ ಸುಟ್ಟುಕೊಂಡರು. ಗಾಯ ವಾಸಿಯಾಗಿದೆ, ಆದರೆ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಆಗ ನೋಡಲು ಬಂದವರೆಲ್ಲಾ ಒಂದೇ ಮಾತು. "ಇದರಲ್ಲಿ ದೇವರ ಉದ್ದೇಶ ಇದೆ", "ಬೆಂಕಿಯಲ್ಲಿ ಶೋಧಿಸುತ್ತಿದ್ದಾನೆ", "ಏನೋ ಕಲಿಸುತ್ತಿದ್ದಾನೆ". ನನಗೆ ಕಿರುಚಬೇಕು ಅನ್ನಿಸುತ್ತಿತ್ತು. ಸ್ವಿಚ್ಚು ಆಫ್ ಮಾಡದೆ ಹೋದದ್ದು ನಾನು. ದೇವರು ಅಲ್ಲ. ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಾಗ ಯೇಸು ಸ್ವಾಮಿ ಅದಕ್ಕೊಂದು ಕಾರಣ ಕಟ್ಟಲಿಲ್ಲ, ಅವರೇನು ಉಳಿದವರಿಗಿಂತ ಹೆಚ್ಚು ಪಾಪಿಗಳಾ ಅಂತ ತಿರುಗಿ ಕೇಳಿದರು (ಲೂಕ 13:4). ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಯಾರ ಪಾಪ ಅಂದಾಗಲೂ ಇವನದೂ ಅಲ್ಲ, ಇವನ ಅಪ್ಪ ಅಮ್ಮನದೂ ಅಲ್ಲ ಅಂದರು. ಪ್ರವಾದಿ ಎಲೀಯನಿಗೆ ಬೆಟ್ಟದ ಮೇಲೆ ಗಾಳಿ, ಭೂಕಂಪ, ಬೆಂಕಿ ಎಲ್ಲಾ ಕಾಣಿಸಿತು, ಆದರೆ ಬೆಂಕಿಯಲ್ಲಿ ಕರ್ತನು ಇರಲಿಲ್ಲ ಅಂತ ಸತ್ಯವೇದವೇ ಹೇಳುತ್ತದೆ (1 ಅರಸುಗಳು 19).

ಹಾಲು ಉಕ್ಕಿದ್ದು ಸಣ್ಣ ವಿಷಯ, ಸರಿ. ಆದರೆ ಸಣ್ಣದರಲ್ಲಿ ಅಭ್ಯಾಸ ಮಾಡಿದ್ದನ್ನೇ ನಾವು ದೊಡ್ಡದರಲ್ಲೂ ಮಾಡುತ್ತೇವೆ. ಯಾರದೋ ಮನೆಗೆ ಹೋಗಿ ಅವರ ಸುಟ್ಟ ಕೈಯ ಮುಂದೆ ಕೂತು ಪಾಠ ಹೇಳುತ್ತೇವೆ.

ಸಾಸಿವೆಕಾಳು

ಅಣ್ಣ, ಇದನ್ನು ಓದಿ ಮನಸ್ಸು ಭಾರವಾಯಿತು. ಅಮ್ಮನವರಿಗಾಗಿ ಪ್ರಾರ್ಥಿಸುತ್ತೇನೆ.

ನೀವು ಹೇಳಿದ್ದು ಸರಿ. ಟವೆಲ್ ಹಾಕಿದ್ದು ದೇವರು ಅಂತ ನನಗೂ ಯಾವತ್ತೂ ಅನ್ನಿಸಿಲ್ಲ. ರೋಮಾಪುರದವರಿಗೆ 8:28ನ್ನೂ ನಾವು ತಪ್ಪಾಗಿ ಹಿಡಿದುಕೊಳ್ಳುತ್ತೇವೆ ಅಂತ ಕಾಣುತ್ತದೆ. ಎಲ್ಲವೂ ಒಳ್ಳೆಯದೇ ಅಂತ ಆ ಪತ್ರ ಬರೆದ ಪೌಲ ಹೇಳಿಲ್ಲ, ಎಲ್ಲಾ ಕಾರ್ಯಗಳಲ್ಲೂ ದೇವರು ಒಳ್ಳೆಯದಕ್ಕಾಗಿ ಕೆಲಸ ಮಾಡುತ್ತಾನೆ ಅಂದದ್ದು. ಕೆಟ್ಟದ್ದನ್ನು ಕೆಟ್ಟದ್ದು ಅಂತಲೇ ಕರೆದು ಆಮೇಲೆ ದೇವರ ಕಡೆ ನೋಡಬಹುದು. ಆದರೆ ಅದನ್ನು ಪಕ್ಕದವನು ಬಂದು ನಿಮ್ಮ ಪರವಾಗಿ ಹೇಳುವಂಥದ್ದಲ್ಲ.

ಹಳೇಚಾಳೀಸು

ಎಲ್ಲರಿಗೂ ಸ್ತೋತ್ರ. ನನಗೆ ಎಪ್ಪತ್ತು ದಾಟಿದೆ, ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನೇರಮಾತು ತಮ್ಮ, ನೀವು ಹೇಳಿದ್ದರಲ್ಲಿ ಒಂದು ಮಾತೂ ಬಿಡುವಂಥದ್ದಲ್ಲ. ಆದರೆ ಪಾಠವೇ ಬೇಡ ಅಂತ ನಾನು ಅನ್ನುವುದಿಲ್ಲ. ಸತ್ಯವೇದದಲ್ಲೇ ಅಡುಗೆಮನೆಯ ತಪ್ಪೊಂದು ಬರೆದಿದೆ, ಹೆಚ್ಚು ಜನ ಅದರ ಮೇಲೆ ಪ್ರಸಂಗ ಮಾಡುವುದಿಲ್ಲ. 2 ಅರಸುಗಳು 4ನೇ ಅಧ್ಯಾಯದ ಕೊನೆಯಲ್ಲಿ ನೋಡಿ. ಬರಗಾಲ. ಪ್ರವಾದಿ ಎಲೀಷನು ತನ್ನ ಜೊತೆಗಿದ್ದ ಪ್ರವಾದಿ ಮಂಡಲಿಯವರಿಗೆ ದೊಡ್ಡ ಹಂಡೆಯಲ್ಲಿ ಅಡುಗೆ ಮಾಡಿಸುತ್ತಾನೆ. ಅವರಲ್ಲಿ ಒಬ್ಬ ಹೊಲಕ್ಕೆ ಹೋಗಿ, ಯಾವುದೋ ಕಾಡುಬಳ್ಳಿಯ ಕಾಯಿಗಳನ್ನು ಮಡಿಲು ತುಂಬಾ ತಂದು, ಏನು ಅಂತ ಗೊತ್ತಿಲ್ಲದೆ ಹೆಚ್ಚಿ ಹಾಕಿಬಿಡುತ್ತಾನೆ. ಊಟಕ್ಕೆ ಕೂತವರು ಬಾಯಿಗೆ ಇಟ್ಟ ಕೂಡಲೇ ಹಂಡೆಯಲ್ಲಿ ಸಾವಿದೆ ಅಂತ ಕೂಗುತ್ತಾರೆ.

ಅಲ್ಲಿ ಎಲೀಷ ಏನು ಹೇಳುತ್ತಾನೆ ಗೊತ್ತಾ? ಹಿಟ್ಟು ತನ್ನಿ ಅನ್ನುತ್ತಾನೆ, ಅದನ್ನು ಹಂಡೆಗೆ ಹಾಕುತ್ತಾನೆ, ಊಟ ಸರಿಹೋಗುತ್ತದೆ. ಅಷ್ಟೇ. ಹಾಕಿದವನು ಯಾರು ಅಂತ ಕೇಳುವುದಿಲ್ಲ. ಕಣ್ಣು ಕಾಣಲಿಲ್ಲವಾ, ಒಂದು ಮಾತು ಕೇಳೋಕೆ ಆಗಲಿಲ್ಲವಾ ಅನ್ನುವುದಿಲ್ಲ. ಬರಗಾಲದಲ್ಲಿ ಒಂದು ಹಂಡೆ ಊಟ ಹಾಳಾದರೆ ಎಷ್ಟು ಸಿಟ್ಟು ಬರಬೇಕು, ಯೋಚಿಸಿ. ಆ ಮನುಷ್ಯನ ಹೆಸರನ್ನೂ ಬರೆದಿಲ್ಲ. ನನಗೆ ಅದು ದೇವರ ದೊಡ್ಡ ದಯೆಯಾಗಿ ಕಾಣುತ್ತದೆ. ಮೂರು ಸಾವಿರ ವರ್ಷ ಅವನನ್ನು ಯಾರೂ ಹೆಸರು ಹಿಡಿದು ಆಡಿಕೊಳ್ಳಲು ಆಗಲಿಲ್ಲ.

ಕಾನಾ ಊರಿನ ಮದುವೆಯೂ ಹಾಗೇ. ದ್ರಾಕ್ಷಾರಸ ಸಾಲದೆ ಹೋದದ್ದು ಯಾರೋ ಲೆಕ್ಕ ತಪ್ಪಿದ್ದರಿಂದಲೇ ಇರಬೇಕು. ಯೇಸುವಿನ ತಾಯಿ ಮರಿಯಳು ಬಂದು ಹೇಳಿದ್ದು ಇಷ್ಟೇ, ಅವರಲ್ಲಿ ದ್ರಾಕ್ಷಾರಸ ಇಲ್ಲ. ಲೆಕ್ಕ ಹಾಕಿದವರ ಮೇಲೆ ದೂರಿಲ್ಲ. ಕೊನೆಗೆ ಯೇಸು ಸ್ವಾಮಿ ನೀರನ್ನೇ ದ್ರಾಕ್ಷಾರಸ ಮಾಡಿದರು, ಔತಣ ನೋಡಿಕೊಳ್ಳುತ್ತಿದ್ದವನಿಗೂ ಅದು ಎಲ್ಲಿಂದ ಬಂತು ಅಂತ ಗೊತ್ತಾಗಲಿಲ್ಲ.

ನಾನು ಹೆಂಡತಿಯಾಗಿ, ತಾಯಿಯಾಗಿ, ಆಮೇಲೆ ಅತ್ತೆಯಾಗಿ ತಪ್ಪಿದ್ದು ಹೆಚ್ಚಾಗಿ ಇಲ್ಲೇ. ಒಡೆದ ಲೋಟಕ್ಕಿಂತ ಒಡೆದವರು ಯಾರು ಅನ್ನುವುದೇ ನನಗೆ ಮುಖ್ಯವಾಗುತ್ತಿತ್ತು. ಸಂಜೆ ಅದೇ ಲೋಟದಿಂದ ಒಂದು ಆತ್ಮಿಕ ಪಾಠ ತೆಗೆದು ಪ್ರಾರ್ಥನೆಯಲ್ಲಿ ಹೇಳುತ್ತಿದ್ದೆ. ಮನೆಯವರು ತಲೆ ತಗ್ಗಿಸಿ ಆಮೆನ್ ಅನ್ನುತ್ತಿದ್ದರು. ಅವರಿಗೆ ಹೇಗೆ ಕೇಳಿಸಿರಬಹುದು ಅಂತ ಈಗ ಯೋಚಿಸಿದರೆ ಕಣ್ಣು ತುಂಬುತ್ತದೆ.

ಮನೆದೀಪ ಮಗಳೇ, ನೀನು ಬರೆದದ್ದು ಚೆನ್ನಾಗಿದೆ, ಹಾಲಿನ ಮಾತು ನಿಜ. ಒಂದು ಕೇಳಲಾ? ಮಗಳ ಮೇಲೆ ಸ್ವಲ್ಪ ಕೂಗಾಡಿದೆ ಅಂತ ಬರೆದಿದ್ದೀಯ. ಆಮೇಲೆ ಅವಳ ಹತ್ತಿರ ಮಾತಾಡಿದೆಯಾ? ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಒಂದಾಗು ಅಂತ ಸ್ವಾಮಿ ಹೇಳಿದ್ದಾರೆ (ಮತ್ತಾಯ 5:23, 24). ಕೂಟದಲ್ಲಿ ಹಂಚಿಕೊಳ್ಳುವ ಪಾಠವೂ ಒಂದು ಕಾಣಿಕೆಯೇ ಅಲ್ವಾ. ಬೇಜಾರು ಮಾಡಿಕೊಳ್ಳಬೇಡ.

ಉಳಿಸುತ್ತಿಗೆ

ಹಳೇಚಾಳೀಸು ಅಮ್ಮ ಎಲೀಷನ ವಿಷಯ ತೆಗೆದದ್ದು ಒಳ್ಳೆಯದಾಯಿತು. ಎರಡೇ ಅಧ್ಯಾಯ ಮುಂದೆ ಹೋದರೆ ನನ್ನ ಕಥೆ ಇದೆ.

ಪಕ್ಕದ ಮನೆಯವರ ಡ್ರಿಲ್ಲಿಂಗ್ ಮೆಷಿನ್ ಎರವಲು ತಂದಿದ್ದೆ. ಗೋಡೆಗೆ ತೂತು ಕೊರೆಯುವಾಗ ಬಿಟ್ ಸಿಕ್ಕಿಕೊಂಡಿತು, ನಾನು ಬಿಡದೆ ಒತ್ತಿದೆ, ಮೋಟಾರ್ ಸುಟ್ಟ ವಾಸನೆ ಬಂತು, ನಿಂತೇ ಹೋಯಿತು. ಒರೆಸಿ, ಡಬ್ಬದಲ್ಲಿ ಹಾಕಿ, ಥ್ಯಾಂಕ್ಸ್ ಹೇಳಿ ವಾಪಸ್ ಕೊಟ್ಟುಬಂದೆ. ಒಂದು ಮಾತೂ ಹೇಳಲಿಲ್ಲ. ಅವರು ಮುಂದಿನ ಸಲ ತೆಗೆದಾಗ ಅವರ ಕೈಯಲ್ಲೇ ಕೆಟ್ಟಿತು ಅಂದುಕೊಳ್ಳಲಿ ಅಂತ.

ಆ ವಾರ ಓದುವ ಭಾಗ 2 ಅರಸುಗಳು 6 ಬಂತು. ಮರ ಕಡಿಯುತ್ತಿದ್ದವನ ಕೊಡಲಿಯ ತಲೆ ಕಳಚಿ ನೀರಿಗೆ ಬೀಳುತ್ತದೆ. ಅವನು ತಕ್ಷಣ ಕೂಗುವುದು "ಅಯ್ಯೋ ಸ್ವಾಮಿ, ಅದು ಎರವಲು ತಂದದ್ದು" ಅಂತ. ತನ್ನ ಕೆಲಸ ನಿಂತಿತು ಅಂತ ಅಲ್ಲ, ಬೇರೆಯವರ ವಸ್ತು ಅನ್ನುವುದೇ ಅವನ ಸಂಕಟ. ಎಲೀಷ ಕೇಳುವುದೂ ಒಂದೇ ಪ್ರಶ್ನೆ, ಎಲ್ಲಿ ಬಿತ್ತು? ಅವನು ಜಾಗ ತೋರಿಸಿದ ಮೇಲೆಯೇ ಕಬ್ಬಿಣ ತೇಲಿದ್ದು. ನನಗೆ ಆ ಜಾಗ ತೋರಿಸುವುದೇ ಆಗುತ್ತಿರಲಿಲ್ಲ.

ಹನ್ನೊಂದು ದಿನ ಬೇಕಾಯಿತು. ಹೊಸ ಮೆಷಿನ್ ತೆಗೆದುಕೊಂಡು ಹೋಗಿ ಆದದ್ದನ್ನು ಹೇಳಿದೆ. ಎರವಲು ತಂದ ಪ್ರಾಣಿಗೆ ಪೆಟ್ಟಾದರೆ ತಂದವನು ತುಂಬಿಕೊಡಬೇಕು ಅಂತ ವಿಮೋಚನಕಾಂಡ 22ರಲ್ಲಿ ಕಟ್ಟಳೆ ಇದೆ, ಕ್ಷಮೆ ಕೇಳಿದರೆ ಸಾಕು ಅಂತ ಇಲ್ಲ. ಸುಂಕ ವಸೂಲಿಯ ಜಕ್ಕಾಯನೂ ಸ್ವಾಮಿಯ ಮುಂದೆ ನಿಂತು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಪಕ್ಕದ ಮನೆಯವರು ಮೊದಲು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಕೆಟ್ಟಿರುವುದು ಗೊತ್ತಾಗಿತ್ತು, ನೀವು ಹೇಳುತ್ತೀರಾ ಅಂತ ಕಾಯುತ್ತಿದ್ದೆ ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಬೆಳಗಿನಜಾವ

ಇದನ್ನು ಓದಿದ ಮೇಲೆ ಎದ್ದು ಹೋಗಿ ಹೆಂಡತಿಗೆ ಬೀಗದ ಕೈ ವಿಷಯ ಹೇಳಿದೆ. "ನಿಮ್ಮ ಪ್ಯಾಂಟಿನ ಜೇಬಿನಲ್ಲಿ ಇತ್ತು ಅಂತ ಗೊತ್ತು, ಬಟ್ಟೆ ತೆಗೆಯುವಾಗ ಸದ್ದು ಕೇಳಿಸಿತ್ತು" ಅಂದಳು. ಇಷ್ಟು ದಿನ ಅವಳೂ ಹೇಳಿರಲಿಲ್ಲ. ಕ್ಷಮೆ ಕೇಳಿದೆ.

ಮೂರನೇಮಹಡಿ

ನನ್ನದು ಸಣ್ಣ ತಪ್ಪಲ್ಲ, ಆದರೂ ಬರೆಯುತ್ತೇನೆ. ಒಂದು ದಿನ ಶಾಲೆಯಿಂದ ಮಗನನ್ನು ನಾನು ಕರೆತರಬೇಕಿತ್ತು. ಇವರು ಕರೆತರುತ್ತಾರೆ ಅಂತ ನಾನು, ನಾನು ಕರೆತರುತ್ತೇನೆ ಅಂತ ಇವರು. ಗೇಟಿನ ಹತ್ತಿರ ಅವನು ಒಬ್ಬನೇ ಒಂದೂವರೆ ಗಂಟೆ ಕೂತಿದ್ದ. ಆರು ವರ್ಷದ ಮಗು. ಅವನ ಮುಖ ನೋಡಿದಾಗ ನಾನು ತಾಯಿ ಅನ್ನಿಸಿಕೊಳ್ಳೋಕೆ ಯೋಗ್ಯಳಲ್ಲ ಅಂತ ಅನ್ನಿಸಿತು. ರಾತ್ರಿಯೆಲ್ಲಾ ನಾನೂ ಇವರೂ ಯಾರ ತಪ್ಪು ಅಂತ ಜಗಳ.

ಲೂಕ 2ನ್ನು ಅದಕ್ಕೆ ಮೊದಲು ಎಷ್ಟೋ ಸಲ ಓದಿದ್ದೆ. ಹನ್ನೆರಡು ವರ್ಷದ ಯೇಸುವನ್ನು ಯೆರೂಸಲೇಮಿನಲ್ಲೇ ಬಿಟ್ಟು, ಗುಂಪಿನಲ್ಲಿ ಎಲ್ಲೋ ಇದ್ದಾನೆ ಅಂದುಕೊಂಡು, ಮರಿಯ ಮತ್ತು ಯೋಸೇಫ ಒಂದು ದಿನದ ದಾರಿ ನಡೆದುಬಿಟ್ಟಿದ್ದರು. ಸಿಕ್ಕಿದ್ದು ಮೂರು ದಿನ ಆದ ಮೇಲೆ. ಆ ಮಗುವನ್ನು ನೋಡಿಕೊಳ್ಳಲು ದೇವರೇ ಆರಿಸಿದ ಅಪ್ಪ ಅಮ್ಮ ಅವರು. ಸಿಕ್ಕಾಗ ಮರಿಯಳು ಹೇಳುವುದು, ನಿನ್ನ ತಂದೆಯೂ ನಾನೂ ತಳಮಳಗೊಂಡು ಹುಡುಕಿದೆವು ಅಂತ. ನಿನ್ನ ತಂದೆಯೂ ನಾನೂ. ಆ ಮೂರು ದಿನ ಅವರಿಬ್ಬರ ನಡುವೆ ಏನು ಮಾತು ನಡೆಯಿತೋ ಬರೆದಿಲ್ಲ, ಆದರೆ ಕೊನೆಗೆ ಹುಡುಕಿದ್ದು ಇಬ್ಬರೂ ಸೇರಿ. ನಾನು ಆ ವಾಕ್ಯ ಇವರಿಗೆ ಓದಿ ಹೇಳಿದೆ. ಜಗಳ ಅಲ್ಲಿಗೆ ನಿಂತಿತು.

ಇನ್ನೊಂದು, ನೇರಮಾತು ಅಣ್ಣ ಹೇಳಿದ್ದಕ್ಕೆ ಸಂಬಂಧಪಟ್ಟದ್ದು. ದೇವಾಲಯದಲ್ಲಿ ಯೇಸು ಹೇಳಿದ ಮಾತು ಅವರಿಗೆ ಅರ್ಥವಾಗಲಿಲ್ಲ ಅಂತಲೇ ಮುಂದಿನ ವಾಕ್ಯದಲ್ಲಿದೆ. ಮರಿಯಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು, ಅಷ್ಟೇ. ಅದೇ ದಿನ ಅರ್ಥ ಹುಡುಕಲು ಹೋಗಲಿಲ್ಲ. ನಮಗೂ ಕೆಲವನ್ನು ಹಾಗೇ ಇಟ್ಟುಕೊಳ್ಳಬಹುದು ಅನ್ನಿಸುತ್ತದೆ.

ಮಣ್ಣಿನಪಾತ್ರೆ

ಫ್ರಿಜ್ಜಿನಲ್ಲಿ ಮರೆತು ಕೊಳೆತದ್ದು, ಅರಣ್ಯದಲ್ಲಿ ಇಸ್ರಾಯೇಲ್ಯರು ದೇವರು ಕೊಟ್ಟ ಆಹಾರವಾದ ಮನ್ನವನ್ನು ಕೂಡಿಟ್ಟು ಹುಳ ಬಿದ್ದದ್ದು (ವಿಮೋಚನಕಾಂಡ 16), ಅದನ್ನು ಬರೆಯೋಣ ಅಂತ ಬಂದೆ. ಇಲ್ಲಿ ನಡೆಯುತ್ತಿರುವ ಮಾತು ನೋಡಿ ಬೇರೆ ಹೇಳಬೇಕು ಅನ್ನಿಸಿತು.

ನಾನು ಮಣ್ಣಿನ ಪಾತ್ರೆ ಮಾಡುತ್ತೇನೆ, ಹವ್ಯಾಸಕ್ಕೆ ಶುರುವಾಗಿ ಈಗ ಕೆಲಸವೇ ಆಗಿದೆ. ಕುಂಬಾರನ ಕೈಯಲ್ಲಿ ಪಾತ್ರೆ ಕೆಟ್ಟಾಗ ಅದನ್ನೇ ಬೇರೆ ಪಾತ್ರೆ ಮಾಡಿದ ಅಂತ ಯೆರೆಮೀಯ 18ರಲ್ಲಿ ಇರುವುದನ್ನು ಎಲ್ಲರೂ ಹೇಳುತ್ತಾರೆ. ಅದು ನಿಜ, ಚಕ್ರದ ಮೇಲೆ ಹಸಿ ಮಣ್ಣು ಎಷ್ಟು ಸಲ ಕುಸಿದರೂ ಮುದ್ದೆ ಮಾಡಿ ಮತ್ತೆ ಎತ್ತಬಹುದು. ಒಣಗಿದ ಮೇಲೂ ಪರವಾಗಿಲ್ಲ, ನೀರಿನಲ್ಲಿ ನೆನೆಸಿದರೆ ಕರಗಿ ಮತ್ತೆ ಮಣ್ಣಾಗುತ್ತದೆ. ಆದರೆ ಒಮ್ಮೆ ಪಾತ್ರೆ ಸುಡುವ ಆವಿಗೆಗೆ ಹೋಯಿತು ಅಂದರೆ ಮುಗಿಯಿತು. 600 ಡಿಗ್ರಿ ಆಗುವ ಹೊತ್ತಿಗೆ ಮಣ್ಣಿನ ಕಣದೊಳಗೇ ಸೇರಿಕೊಂಡ ನೀರೂ ಹೊರಗೆ ಹೋಗಿರುತ್ತದೆ. ಆಮೇಲೆ ವರ್ಷಗಟ್ಟಲೆ ನೆನೆಸಿದರೂ ಅದು ಮೆತ್ತಗಾಗುವುದಿಲ್ಲ. ಯೆರೆಮೀಯನ ಮುಂದಿನ ಅಧ್ಯಾಯ, 19, ಅದೇ. ಸುಟ್ಟ ಹೂಜಿಯನ್ನು ಜನರ ಕಣ್ಣೆದುರು ಒಡೆದು, ಇದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ ಅಂತ ಹೇಳುವುದು. ಎರಡೂ ಅಧ್ಯಾಯ ಅಕ್ಕಪಕ್ಕ ಇರುವುದು ನನ್ನನ್ನು ತುಂಬಾ ಕಾಡುತ್ತದೆ.

ದೇವರಿಗೆ ಅಸಾಧ್ಯವಾದದ್ದಿಲ್ಲ, ಗೊತ್ತು. ನಾನು ಹೇಳುತ್ತಿರುವುದು ನಮ್ಮ ಕಡೆಯ ಮಾತು. ನನ್ನ ಮಗ ಚಿಕ್ಕವನಿದ್ದಾಗ ಕೈಜಾರಿ ಏನಾದರೂ ಬೀಳಿಸಿದರೆ ನಾನು ಆಡುತ್ತಿದ್ದ ಮಾತುಗಳಿಗೆ ಅವತ್ತು ರಾತ್ರಿಯೇ ಕ್ಷಮೆ ಕೇಳಿದ್ದರೆ ಸಾಕಿತ್ತು. ಸೂರ್ಯ ಮುಳುಗುವ ತನಕ ಸಿಟ್ಟು ಇಟ್ಟುಕೊಳ್ಳಬೇಡಿ ಅನ್ನುವುದು (ಎಫೆಸ 4:26) ಗೋಡೆಯ ಕ್ಯಾಲೆಂಡರಿನಲ್ಲೇ ಇತ್ತು. ಈಗ ಅವನಿಗೆ 26. ಕ್ಷಮೆ ಕೇಳಿದೆ, ಪರವಾಗಿಲ್ಲ ಬಿಡಿ ಅಂದ. ಒಳ್ಳೆಯ ಹುಡುಗ. ಆದರೆ ನಮ್ಮ ಮನೆಗೆ ಬಂದಾಗ ಈಗಲೂ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾನೆ.

ಮನೆದೀಪ

ಎರಡು ದಿನ ಏನೂ ಬರೆಯಲಿಲ್ಲ, ಕ್ಷಮಿಸಿ. ಅಜ್ಜಿ, ನಿಮ್ಮ ಪ್ರಶ್ನೆ ಓದಿದಾಗ ಮೊದಲು ಸ್ವಲ್ಪ ಕೋಪವೇ ಬಂತು. ನಾನು ಹಾಲಿನ ಬಗ್ಗೆ ಬರೆದರೆ ಇವರು ಮಗಳ ಬಗ್ಗೆ ಕೇಳುತ್ತಾರಲ್ಲ ಅಂತ. ಆಮೇಲೆ ಎರಡು ಕೈಯಲ್ಲಿ ಲೋಟ ಹಿಡಿಯುವ ಮಾತು ಓದಿದೆ. ಫೋನ್ ಕೆಳಗಿಟ್ಟು ಅವಳ ಹತ್ತಿರ ಹೋದೆ.

ಹಾಸಿಗೆಯಲ್ಲಿ ಓದುತ್ತಾ ಇದ್ದಳು. ಪಕ್ಕದಲ್ಲಿ ಕೂತು, ಅವತ್ತು ಹಾಲು ಉಕ್ಕಿದ್ದು ನನ್ನ ತಪ್ಪು, ನಿನ್ನ ಮೇಲೆ ಕೂಗಿದ್ದು ಇನ್ನೂ ದೊಡ್ಡ ತಪ್ಪು, ನನ್ನನ್ನು ಕ್ಷಮಿಸು ಅಂದೆ. ಅವಳು ಪುಸ್ತಕದಿಂದ ಕಣ್ಣು ತೆಗೆಯದೆ ಹೇಳಿದ್ದು ಕೇಳಿ: "ಅಮ್ಮ, ನಾನು ಎರಡು ಸಲ ಕರೆದೆ. ಹಾಲು ಮೇಲೆ ಬರ್ತಾ ಇತ್ತು. ನೀನು ಕೈ ಹೀಗೆ ಮಾಡಿದೆ." ಅವಳು ಕೈ ಬೀಸಿ ತೋರಿಸಿದಳು, ಹೋಗು ಅನ್ನುವ ಹಾಗೆ. ಅವಳು ಕಾಲಿಗೆ ಅಡ್ಡ ಓಡಾಡುತ್ತಿದ್ದದ್ದು ಅದಕ್ಕೆ. ಒಲೆ ಮುಟ್ಟಬೇಡ ಅಂತ ನಾನೇ ಹೇಳಿಟ್ಟಿದ್ದೇನೆ, ಅದಕ್ಕೆ ಮುಟ್ಟಲಿಲ್ಲ. ನನ್ನನ್ನು ಕರೆದಳು.

ನನಗೆ ಅದು ನೆನಪೇ ಇಲ್ಲ. ನನ್ನ ನೋಟ್‌ಬುಕ್ಕಿನ ಆ ಚಂದದ ಪುಟದಲ್ಲಿ ಅವಳು ಇಲ್ಲವೇ ಇಲ್ಲ. ಎಚ್ಚರವಾಗಿರಿ ಅಂತ ನನಗೆ ಹೇಳಲು ಮನೆಯಲ್ಲೇ ಒಬ್ಬಳು ಇದ್ದಳು.

ತುಂಬಾ ಅತ್ತೆ. ಅವಳೇ ಸಮಾಧಾನ ಮಾಡಿದಳು. ಕೂಟದಲ್ಲಿ ಹಂಚಿಕೊಳ್ಳುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಹಳೇಚಾಳೀಸು

ಮಗಳೇ, ದೇವರು ನಿಮ್ಮಿಬ್ಬರನ್ನೂ ಆಶೀರ್ವದಿಸಲಿ. ಅಳು ಬಂದದ್ದಕ್ಕೆ ನಾಚಿಕೆ ಬೇಡ.

ಒಂದೇ ಮಾತು ಸೇರಿಸುತ್ತೇನೆ. ಈಗ ನಿನ್ನನ್ನು ನೀನೇ ಹಿಂಸೆ ಮಾಡಿಕೊಳ್ಳುತ್ತಾ ಕೂರಬೇಡ, ಅದೂ ಒಂದು ಬಲೆ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಮೆಲೈಟ್ ಅನ್ನುವ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು, 1691ರಲ್ಲಿ ತೀರಿಕೊಂಡರು. ಗುರುಗಳಲ್ಲ, ಪಂಡಿತರಲ್ಲ. ವರ್ಷಗಟ್ಟಲೆ ಮಠದ ಅಡುಗೆಮನೆಯಲ್ಲಿ ದುಡಿದವರು. ಆ ಕೆಲಸ ಅವರಿಗೆ ಸ್ವಭಾವದಿಂದ ಸ್ವಲ್ಪವೂ ಇಷ್ಟ ಇರಲಿಲ್ಲವಂತೆ. ಆದರೂ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುತ್ತಾ ಇರುವುದನ್ನು ಕಲಿತರು. ತಪ್ಪು ಮಾಡಿದಾಗ ಅವರು ನೆವ ಹೇಳುತ್ತಿರಲಿಲ್ಲ. ನೀನು ಕೈಬಿಟ್ಟರೆ ನಾನು ಹೀಗೇ ಮಾಡುವವನು, ನೀನೇ ತಡೆಯಬೇಕು, ನೀನೇ ತಿದ್ದಬೇಕು ಅಂತ ದೇವರಿಗೆ ಒಪ್ಪಿಸಿ, ಆಮೇಲೆ ಅದನ್ನೇ ಕೆದಕುತ್ತಾ ಕೂರದೆ ಕೆಲಸಕ್ಕೆ ಹೋಗುತ್ತಿದ್ದರು. ನನಗೆ ಅದನ್ನು ಕಲಿಯಲು ಬಹಳ ಕಾಲ ಹಿಡಿಯಿತು. ಮೊದಲು ಬೇರೆಯವರನ್ನು ಬೈಯುತ್ತಿದ್ದೆ, ಆಮೇಲೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಎರಡರಲ್ಲೂ ಒಪ್ಪಿಸುವುದು ಇರಲಿಲ್ಲ.

ಸಾಸಿವೆಕಾಳು

ಅಕ್ಕ, ಒಂದು ದಿನ ಕೂಟದಲ್ಲಿ ಹಂಚಿಕೊಳ್ಳಿ, ಮಗಳನ್ನು ಕೇಳಿ, ಅವಳು ಸರಿ ಅಂದರೆ. ಅವಳು ಕರೆದದ್ದನ್ನೂ ಸೇರಿಸಿ ಹೇಳಿ.

ನೇರಮಾತು

ಮೂರು ದಿನದಿಂದ ಎಲ್ಲವನ್ನೂ ಓದುತ್ತಿದ್ದೇನೆ. ನಾನು ಮೊದಲು ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಅದು ಸರಿ ಅಂತಲೇ ಈಗಲೂ ಅನ್ನಿಸುತ್ತದೆ. ಆದರೆ ನನಗೆ ಇಷ್ಟು ವರ್ಷ ಗೊತ್ತಾಗದ ಒಂದು ವಿಷಯ ಇಲ್ಲಿ ಗೊತ್ತಾಯಿತು.

ಬಂದವರೆಲ್ಲಾ ದೇವರ ಉದ್ದೇಶ ಅಂದಾಗ ನನಗೆ ಸಿಟ್ಟು ಬಂದದ್ದು ಯಾಕೆ ಅಂದರೆ, ಅವರು ನನ್ನ ತಪ್ಪನ್ನು ನನ್ನ ಕೈಯಿಂದ ಕಿತ್ತುಕೊಂಡುಬಿಟ್ಟರು. ಅಮ್ಮನೂ ಹೌದು ದೇವರ ಚಿತ್ತ ಅಂತ ತಲೆಯಾಡಿಸಿದರು. ಆಮೇಲೆ ಕ್ಷಮೆ ಕೇಳೋಕೆ ಜಾಗವೇ ಇರಲಿಲ್ಲ. ದೇವರ ಚಿತ್ತಕ್ಕೆ ಯಾರು ಕ್ಷಮೆ ಕೇಳುತ್ತಾರೆ? ಆಸ್ಪತ್ರೆಗೆ ಕರೆದುಕೊಂಡು ಹೋದೆ, ಡ್ರೆಸ್ಸಿಂಗ್ ಮಾಡಿಸಿದೆ, ಆ ಕೋಣೆಗೆ ಹೊಸ ಬಣ್ಣ ಹೊಡೆಸಿದೆ. ಅಮ್ಮ, ನಾನು ಸ್ವಿಚ್ಚು ಆಫ್ ಮಾಡದೆ ಹೋದೆ, ನನ್ನಿಂದ ನಿನ್ನ ಕೈ ಹೀಗಾಯಿತು, ಕ್ಷಮಿಸು ಅಂತ ಒಂದು ದಿನವೂ ಹೇಳಿಲ್ಲ.

ಅಮ್ಮ ಈಗ ಒಳಗೆ ಇದ್ದಾರೆ. ಮಲಗಿಲ್ಲ, ದೀಪ ಉರಿಯುತ್ತಿದೆ.

ಹಳೇಚಾಳೀಸು

ಹೋಗು ತಮ್ಮ. ನಾನು ಇಲ್ಲಿ ಪ್ರಾರ್ಥಿಸುತ್ತಾ ಕೂತಿರುತ್ತೇನೆ.

ನೇರಮಾತು

ಹೇಳಿದೆ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ತಲೆಯ ಮೇಲೆ ಆ ಕೈಯನ್ನೇ ಇಟ್ಟರು. ಅವತ್ತು ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿದ್ದದ್ದನ್ನು ಅವರು ಬಾಗಿಲಿನಿಂದ ನೋಡಿದ್ದರಂತೆ, ನಾನು ಒಳಗೇ ಇದ್ದೇನೆ ಅಂದುಕೊಂಡು ಮುಂದೆ ಹೋದರಂತೆ. ಇಷ್ಟು ವರ್ಷ ತನ್ನದೇ ತಪ್ಪು ಅಂತ ಅಂದುಕೊಂಡಿದ್ದರಂತೆ. ನನಗೆ ಹೇಳಿದರೆ ನೊಂದುಕೊಳ್ಳುತ್ತೇನೆ ಅಂತ ಹೇಳಿರಲಿಲ್ಲ.

ಇಬ್ಬರೂ ಸೇರಿ ಪ್ರಾರ್ಥನೆ ಮಾಡಿದೆವು. ಈಗಷ್ಟೇ ಮಲಗಿದರು.